ಮತ ಗಳಿಸದ ಪಕ್ಷವೊಂದು ಕಲಿಸಿದ ಲೆಕ್ಕ

ಲೇಪಾಕ್ಷಿಯ ವೀರಭದ್ರಸ್ವಾಮಿ ದೇವಾಲಯಕ್ಕೆ ಬರುವ ಯಾತ್ರಿಕರೆಲ್ಲರೂ ತೂಗುಕಂಬದ ಬಳಿ ಒಂದೇ ಬಗೆಯಾಗಿ ವರ್ತಿಸುತ್ತಾರೆ. ಕಂಬದ ಬುಡ ನೆಲಕ್ಕೆ ಪೂರ್ತಿಯಾಗಿ ತಾಗಿಲ್ಲವೆಂದು ಹೇಳಿದೊಡನೆ ಯಾರೂ ತಲೆಯಾಡಿಸಿ ಮುಂದೆ ಸಾಗುವುದಿಲ್ಲ. ಟವೆಲನ್ನೋ ಸೀರೆಯ ಸೆರಗನ್ನೋ ಅಡಿಯಲ್ಲಿ ತೂರಿಸಿ, ಆಚೆಯಿಂದ ಎಳೆದು ನೋಡಿದ ಮೇಲೆಯೇ ಒಪ್ಪುತ್ತಾರೆ. ದೇವರ ಸನ್ನಿಧಿಯಲ್ಲಿಯೂ ಕಲ್ಲನ್ನು ಪರೀಕ್ಷಿಸಿ ನೋಡುವ ನಾವು, ಚುನಾವಣೆಯ ಕಾಲದಲ್ಲಿ ವೇದಿಕೆಯ ಮಾತನ್ನು ಮಾತ್ರ ಪರೀಕ್ಷೆಯಿಲ್ಲದೆ ಸ್ವೀಕರಿಸುತ್ತೇವೆ. ಲೇಪಾಕ್ಷಿ ಸೇರಿರುವ ಹಿಂದೂಪುರ ವಿಧಾನಸಭಾ ಕ್ಷೇತ್ರವು 1985, 1989 ಮತ್ತು 1994ರಲ್ಲಿ ಎನ್.ಟಿ. ರಾಮರಾವ್ ಅವರನ್ನೂ, 2014ರಿಂದ ಮೂರು ಬಾರಿ ಅವರ ಪುತ್ರ ಬಾಲಕೃಷ್ಣ ಅವರನ್ನೂ ಆರಿಸಿದೆ. ತಾರೆಯರನ್ನು ಆರಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಇಂತಹ ನೆಲದಲ್ಲಿ ಅಳತೆಗೋಲು ಹಿಡಿದು ಮತ ಕೇಳಲು ಬಂದ ಪಕ್ಷಕ್ಕೆ ಏನಾಗುವುದೆಂಬುದನ್ನು ಊಹಿಸಲು ಜ್ಯೋತಿಷ್ಯ ಬೇಕಿಲ್ಲ.

ಅಂತಹ ಪಕ್ಷವೊಂದು ನಮ್ಮ ರಾಜ್ಯದಲ್ಲಿಯೇ ಹುಟ್ಟಿತ್ತು. ವೈದ್ಯ ಪದವೀಧರರಾಗಿ, ಬಳಿಕ ಐ.ಎ.ಎಸ್. ಅಧಿಕಾರಿಯಾಗಿದ್ದ ಜಯಪ್ರಕಾಶ ನಾರಾಯಣ ಅವರು (ಬಿಹಾರದ ಜೆ.ಪಿ. ಅಲ್ಲ, ಹೆಸರೊಂದೇ) 1996ರಲ್ಲಿ ಸೇವೆಯನ್ನು ತೊರೆದು ಲೋಕಸತ್ತಾ ಎಂಬ ಚಳವಳಿಯನ್ನು ಆರಂಭಿಸಿದರು. 2006ರ ಅಕ್ಟೋಬರ್ 2ರಂದು ಅದು ರಾಜಕೀಯ ಪಕ್ಷವಾಯಿತು. 2009ರಲ್ಲಿ 294 ಸ್ಥಾನಗಳ ಅವಿಭಜಿತ ಆಂಧ್ರ ಪ್ರದೇಶ ವಿಧಾನಸಭೆಯಲ್ಲಿ ಅದಕ್ಕೆ ದೊರೆತದ್ದು ಕೂಕಟ್‌ಪಲ್ಲಿಯ ಒಂದೇ ಸ್ಥಾನ, ಗೆದ್ದವರು ಸಂಸ್ಥಾಪಕರೇ. 2013ರಲ್ಲಿ ಬೆಂಗಳೂರಿನ ಕೆಲವು ಕ್ಷೇತ್ರಗಳಲ್ಲಿಯೂ ಸ್ಪರ್ಧಿಸಿತು, ಒಂದೂ ದಕ್ಕಲಿಲ್ಲ. 2014ರಲ್ಲಿ ಸಂಸ್ಥಾಪಕರು ಮಲ್ಕಾಜ್‌ಗಿರಿ ಲೋಕಸಭಾ ಕ್ಷೇತ್ರದಲ್ಲಿ ಸೋತರು. ಚುನಾವಣಾ ರಾಜಕೀಯದಿಂದ ಪಕ್ಷ ದೂರ ಸರಿಯುವುದೆಂದು 2016ರಲ್ಲಿ ಅವರೇ ಪ್ರಕಟಿಸಿದರು.

ಇಷ್ಟೇ ಆಗಿದ್ದರೆ ಈ ಪಕ್ಷದ ಕುರಿತು ಬರೆಯುವ ಅಗತ್ಯವಿರಲಿಲ್ಲ. ಆದರೆ ನಮ್ಮ ಮಕ್ಕಳ ಕನ್ನಡ ಶಾಲೆಗಳ ಅಳಿವು ಉಳಿವು ಇಂದು ಅಂಕಿಗಳ ಮೇಲೆ ನಿಂತಿದೆ. ಅಂಕಿಗಳನ್ನು ಯಾರು ಎಣಿಸಬೇಕು, ಹೇಗೆ ಎಣಿಸಬೇಕು, ಎಣಿಸಿದ ಮೇಲೆ ಯಾರ ಮುಂದಿಡಬೇಕು ಎಂಬುದನ್ನು ಆ ಸಣ್ಣ ಪಕ್ಷದ ನಡೆಯಿಂದ ತಿಳಿಯಬಹುದು.

ಲೋಕಸತ್ತಾದ ರೀತಿ ಸರಳವಾದದ್ದು. ಮೊದಲು ಸಿದ್ಧಾಂತವನ್ನು ಹಿಡಿದು, ಅದಕ್ಕೆ ಹೊಂದುವ ಸಂಗತಿಗಳನ್ನು ಹುಡುಕುವುದು ಅದರ ಪದ್ಧತಿಯಾಗಿರಲಿಲ್ಲ. ಸಂಗತಿಯನ್ನು ಅಳೆದು, ಬಳಿಕ ನಿಲುವನ್ನು ರೂಪಿಸುತ್ತಿತ್ತು. ಪೆಟ್ರೋಲ್ ಬಂಕುಗಳಲ್ಲಿ ಅಳತೆ ಕಡಿಮೆಯಾಗುತ್ತಿದೆಯೆಂಬ ದೂರು ಎಲ್ಲೆಡೆಯೂ ಇದ್ದದ್ದೇ. ಅದರ ಬಗ್ಗೆ ಭಾಷಣ ಮಾಡುವ ಬದಲು ಕಾರ್ಯಕರ್ತರು ಅಳತೆಪಾತ್ರೆ ಹಿಡಿದು ಬಂಕುಗಳಿಗೇ ಹೋದರು. ಮತದಾರರ ಪಟ್ಟಿಯಲ್ಲಿ ದೋಷಗಳಿವೆಯೆಂದು ಕೂಗುವುದಕ್ಕೆ ಮೊದಲು ಮನೆಮನೆಗೆ ಹೋಗಿ ಪಟ್ಟಿಯನ್ನು ತಾಳೆ ನೋಡಿದರು. ಪುರಸಭೆಯ ಸೇವೆ ತಡವಾದರೆ ನಾಗರಿಕನಿಗೆ ದಿನದ ಲೆಕ್ಕದಲ್ಲಿ ಪರಿಹಾರ ಸಲ್ಲಬೇಕೆಂದು ಒತ್ತಾಯಿಸಿದರು. ಗಡಿಯಾಚೆಯ ಬಂಧುಗಳಿಂದ ‘ಸಕಾಲ’ದ ಹೆಸರನ್ನು ಓದುಗರು ಕೇಳಿರುತ್ತೀರಿ. ಕರ್ನಾಟಕದ 2011ರ ಆ ಕಾಯಿದೆಯಲ್ಲಿ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಮೊತ್ತ ಅಲ್ಪವೇ ಸರಿ. ಆದರೂ ತಡವೆಂಬುದು ಗೊಣಗಾಟವಾಗಿ ಉಳಿಯದೆ ಎಣಿಸಬಹುದಾದ ವಸ್ತುವಾಯಿತು. ನ್ಯಾಯಾಲಯದಲ್ಲಿ ದಿನ ಕಳೆಯುವ ನನಗೆ ಈ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಕೇಳಿದ ಮಾತು ಸಾಕ್ಷ್ಯವಲ್ಲ, ಕಂಡದ್ದು ಸಾಕ್ಷ್ಯ ಎಂಬುದು 1872ರ ಸಾಕ್ಷ್ಯ ಅಧಿನಿಯಮದ ಕಾಲದಿಂದಲೂ ನಮಗೆ ಪಾಠವಾಗಿದೆ. ರಾಜಕೀಯಕ್ಕೆ ಮಾತ್ರ ಆ ಪಾಠ ತಲುಪಿಲ್ಲ.

ಈ ರೀತಿಯ ದೊಡ್ಡ ಫಲ ರಾಷ್ಟ್ರಮಟ್ಟದಲ್ಲಿ ಕಂಡದ್ದು ಚುನಾವಣಾ ಕಾನೂನಿನಲ್ಲಿ. 1999ರ ಚುನಾವಣೆಯಲ್ಲಿ ಲೋಕಸತ್ತಾ ಆಂಧ್ರದ ಅಭ್ಯರ್ಥಿಗಳ ಅಪರಾಧ ಹಿನ್ನೆಲೆಯ ವಿವರಗಳನ್ನು ಸಂಗ್ರಹಿಸಿ ಪ್ರಕಟಿಸಿತು. ಅದೇ ಕಾಲಕ್ಕೆ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಸಂಸ್ಥೆಯು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತ್ತು. ಅಭ್ಯರ್ಥಿಯ ಮೇಲಿನ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾರ್ಹತೆಗಳನ್ನು ತಿಳಿಯುವುದು ಮತದಾರನ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2002ರ ಮೇ 2ರಂದು ತೀರ್ಪಿತ್ತಿತು. ಆಗ ಪರಸ್ಪರ ಕಾದಾಡುತ್ತಿದ್ದ ಪಕ್ಷಗಳೆಲ್ಲವೂ ಒಂದಾದವು! ಮೊದಲು ಸುಗ್ರೀವಾಜ್ಞೆ, ಬಳಿಕ ತಿದ್ದುಪಡಿ ಕಾಯಿದೆ ತಂದು, ಕಾಯಿದೆ ಕೇಳಿದಷ್ಟನ್ನು ಮಾತ್ರ ಅಭ್ಯರ್ಥಿ ಹೇಳಿದರೆ ಸಾಕೆಂದು 33-ಬಿ ಕಲಮನ್ನು ಸೇರಿಸಿದರು. ಅದನ್ನು ಪ್ರಶ್ನಿಸಿದ ಮೂರು ಅರ್ಜಿಗಳಲ್ಲಿ ಒಂದು ಲೋಕಸತ್ತಾದ್ದು. 2003ರ ಮಾರ್ಚ್ 13ರಂದು ಆ ಕಲಮು ಸಂವಿಧಾನಬಾಹಿರವೆಂದು ರದ್ದಾಯಿತು. ಇಂದು ಕಲ್ಯಾಣದುರ್ಗದಲ್ಲಾಗಲಿ ಮಡಕಶಿರದಲ್ಲಾಗಲಿ ನಾಮಪತ್ರ ಸಲ್ಲಿಸುವವರು ಪ್ರಮಾಣಪತ್ರದಲ್ಲಿ ತಮ್ಮ ವಿವರಗಳನ್ನು ಬರೆಯಲೇಬೇಕಾಗಿರುವುದು ಆ ಹೋರಾಟದ ಫಲ. ಗಮನಿಸಿ, ಆಗ ಲೋಕಸತ್ತಾಕ್ಕೆ ಒಬ್ಬ ಶಾಸಕನೂ ಇರಲಿಲ್ಲ. ಅದಿನ್ನೂ ಪಕ್ಷವೇ ಆಗಿರಲಿಲ್ಲ.

ಸಾಕ್ಷ್ಯವನ್ನು ಅನುಸರಿಸಿ ನಿಲುವು ಬದಲಾಗುವುದೆಂದರೆ ಗಾಳಿ ಬಂದತ್ತ ತೂರಿಕೊಳ್ಳುವುದೇ ಅಲ್ಲವೇ ಎಂದು ಕೆಲವರು ಕೇಳುವುದುಂಟು. ಅಲ್ಲ. ಉಚ್ಚ ನ್ಯಾಯಪೀಠಗಳು ತಮ್ಮದೇ ಹಳೆಯ ತೀರ್ಪನ್ನು ತಳ್ಳಿಹಾಕಿದ ನಿದರ್ಶನಗಳು ಬೇಕಾದಷ್ಟಿವೆ. ಆದರೆ ಕಾರಣವನ್ನು ಪುಟಗಟ್ಟಲೆ ಬರೆದು, ಸಹಿ ಹಾಕಿ ತಳ್ಳಿಹಾಕುತ್ತವೆ. ಅವಕಾಶವಾದಿ ಕಾರಣ ಬರೆಯುವುದಿಲ್ಲ. 2018ರಲ್ಲಿ ರಾಜ್ಯಕ್ಕೆ ಕೇಂದ್ರ ಕೊಟ್ಟದ್ದೆಷ್ಟು, ಕೊಡಬೇಕಾದದ್ದೆಷ್ಟು ಎಂಬ ವಾದ ತಾರಕಕ್ಕೇರಿದಾಗ ದೆಹಲಿ ಒಂದು ಲೆಕ್ಕ ಹೇಳಿತು, ಅಮರಾವತಿ ಇನ್ನೊಂದನ್ನು ಹೇಳಿತು. ಜನಸೇನಾದ ಪವನ್ ಕಲ್ಯಾಣ್ ಅವರು ಜಂಟಿ ಸತ್ಯಶೋಧನಾ ಸಮಿತಿಯನ್ನು ರಚಿಸಿ, ಜಯಪ್ರಕಾಶ ನಾರಾಯಣ ಮತ್ತು ಮಾಜಿ ಸಂಸದ ಉಂಡವಲ್ಲಿ ಅರುಣ್ ಕುಮಾರ್ ಅವರನ್ನು ಕರೆದರು. ಒಂದೇ ಪಕ್ಷದವರಲ್ಲದ ಇವರು ಕಡತಗಳನ್ನು ಎದುರಿಗಿಟ್ಟುಕೊಂಡು ಕುಳಿತರು. ರಾಯಲಸೀಮೆಯ ನಮಗೆ ಇದು ದೂರದ ವಾದವಾಗಿರಲಿಲ್ಲ. ಹಿಂದುಳಿದ ಏಳು ಜಿಲ್ಲೆಗಳಿಗೆ ಜಿಲ್ಲೆಗೆ ವರ್ಷಕ್ಕೆ 50 ಕೋಟಿ ರೂಪಾಯಿಯ ಲೆಕ್ಕದಲ್ಲಿ ಬಂದ ಅನುದಾನದಲ್ಲಿ ಅಂದಿನ ಅನಂತಪುರ ಜಿಲ್ಲೆಯೂ ಸೇರಿತ್ತು. ಮೂರು ವರ್ಷ ಬಂದ ಹಣ ನಾಲ್ಕನೆಯ ಬಾರಿ ಬಂದಂತೆಯೇ ಹಿಂದಿರುಗಿತು. ಘೋಷಣೆ ಕೂಗಿದವರಿಗಿಂತ ಕಡತ ತೆರೆದವರೇ ಆಗ ಹೆಚ್ಚು ಉಪಕಾರ ಮಾಡಿದರೆಂಬುದು ನನ್ನ ಎಣಿಕೆ.

ಅಳೆಯದೆ ರೂಪಿಸಿದ ನೀತಿಯ ನೆರಳು ನಮ್ಮ ಮಗ್ಗುಲಲ್ಲಿಯೇ ಇದೆ. ಲೇಪಾಕ್ಷಿಯ ಹೆಸರನ್ನೇ ಹೊತ್ತ ‘ನಾಲೆಡ್ಜ್ ಹಬ್’ ಎಂಬ ಯೋಜನೆಗೆ ಚಿಲಮತ್ತೂರು ಮತ್ತು ಗೋರಂಟ್ಲ ಮಂಡಲಗಳಲ್ಲಿ 8,800 ಎಕರೆಗೂ ಹೆಚ್ಚು ಭೂಮಿ ಹೋಯಿತು. ಜ್ಞಾನವೂ ಬರಲಿಲ್ಲ, ಉದ್ಯೋಗವೂ ಬರಲಿಲ್ಲ. ಆ ವಿಷಯ ನ್ಯಾಯಾಲಯಗಳ ಮುಂದೆ ಬಂದಿರುವುದರಿಂದ ಹೆಚ್ಚು ಬರೆಯುವುದು ಸಲ್ಲದು.

ಇನ್ನು ಶಾಲೆಯ ವಿಷಯ. 2009ರ ಶಿಕ್ಷಣ ಹಕ್ಕು ಕಾಯಿದೆಯು ಕಟ್ಟಡ, ಕೊಠಡಿ, ಶಿಕ್ಷಕರ ಸಂಖ್ಯೆಗಳನ್ನು ಎಣಿಸುತ್ತದೆ, ಮಗು ಕಲಿತದ್ದನ್ನು ಎಣಿಸುವುದಿಲ್ಲ ಎಂಬುದು ಜಯಪ್ರಕಾಶ ನಾರಾಯಣ ಅವರ ಟೀಕೆಗಳಲ್ಲೊಂದು. ಸರಿಯಾದ ಟೀಕೆ. ಆದರೆ ಅದೇ ಕಾಯಿದೆಯ 29(2)(ಎಫ್) ಕಲಮಿನಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಬೋಧನೆಯು ಮಗುವಿನ ಮಾತೃಭಾಷೆಯಲ್ಲಿರಬೇಕು ಎಂಬ ಮಾತಿದೆ. 2019ರ ನವೆಂಬರಿನಲ್ಲಿ ರಾಜ್ಯ ಸರ್ಕಾರವು 1ರಿಂದ 6ನೆಯ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮವನ್ನು ತರಲು ಹೊರಡಿಸಿದ 81 ಮತ್ತು 85ನೆಯ ಸಂಖ್ಯೆಯ ಆದೇಶಗಳನ್ನು ಉಚ್ಚ ನ್ಯಾಯಾಲಯವು 2020ರ ಏಪ್ರಿಲ್ 15ರಂದು ರದ್ದುಪಡಿಸಿತು. ಅನಂತರ ಸರ್ಕಾರ ಪೋಷಕರ ಅಭಿಪ್ರಾಯವನ್ನು ಸಂಗ್ರಹಿಸಿ, ಬಹುಪಾಲು ಜನ ಇಂಗ್ಲಿಷನ್ನೇ ಬಯಸಿದರೆಂದು ಹೇಳಿತು. ಇದೂ ಸಾಕ್ಷ್ಯವೇ? ಹೌದು, ಆದರೆ ಯಾವುದರ ಸಾಕ್ಷ್ಯವೆಂಬುದನ್ನು ಕೇಳಬೇಕು. ತಂದೆತಾಯಿ ಏನನ್ನು ಬಯಸುತ್ತಾರೆಂಬುದಕ್ಕೆ ಅದು ಸಾಕ್ಷ್ಯ. ಆರು ವರ್ಷದ ಮಗುವಿಗೆ ಯಾವ ಭಾಷೆಯಲ್ಲಿ ಲೆಕ್ಕ ಬೇಗ ತಲೆಗೆ ಹತ್ತುತ್ತದೆಂಬುದಕ್ಕೆ ಅದು ಸಾಕ್ಷ್ಯವಲ್ಲ. ಎರಡು ಪ್ರಶ್ನೆಗಳಿಗೆ ಒಂದೇ ಉತ್ತರಪತ್ರಿಕೆಯನ್ನು ಬಳಸಿದರೆ ಯಾವ ಪರೀಕ್ಷಕನೂ ಅಂಕ ಕೊಡುವುದಿಲ್ಲ.

ಇಲ್ಲಿಯೇ ಲೋಕಸತ್ತಾ ಮಾದರಿಯ ಕೊರತೆಯೂ ಕಾಣುತ್ತದೆ. ರಾಜ್ಯದ ಸರಾಸರಿಯಲ್ಲಿ ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಗಳ ಕನ್ನಡ ಮಕ್ಕಳು ಕಾಣುವುದೇ ಇಲ್ಲ. ಲಕ್ಷಗಳ ನಡುವೆ ನೂರು ಕರಗಿಹೋಗುತ್ತದೆ. 2022ರ ಜೂನ್ ತಿಂಗಳ 117ನೆಯ ಆದೇಶವು ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ ಶಿಕ್ಷಕರನ್ನು ಮರುಹಂಚಿಕೆ ಮಾಡಲು ಹೊರಟಾಗ ಸಣ್ಣ ಶಾಲೆಗಳವರೆಲ್ಲರಿಗೂ ಇದರ ಬಿಸಿ ತಟ್ಟಿತು. 2025ರಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡು ಬೇರೆ ಆದೇಶಗಳನ್ನು ಹೊರಡಿಸಲಾಯಿತು. ಎಣಿಕೆಯನ್ನು ನೀತಿಯ ಆಧಾರವಾಗಿಸುವ ಪಕ್ಷವು ಅಲ್ಪಸಂಖ್ಯಾತರನ್ನು ಬೇರೆಯಾಗಿ ಎಣಿಸುವ ಕ್ರಮವನ್ನೂ ಹೇಳಬೇಕಾಗಿತ್ತು.

ಆ ಕ್ರಮ ಹೊಸದಾಗಿ ಹುಟ್ಟಬೇಕಾದದ್ದೇನೂ ಅಲ್ಲ. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಒಪ್ಪಿದ ಸೂತ್ರದಂತೆ, ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಒಂದು ಮಾತೃಭಾಷೆಯವರಿದ್ದರೆ, ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ಕೊಡಬೇಕು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿಗೆ ಸಂವಿಧಾನಕ್ಕೆ 350-ಎ ವಿಧಿಯೂ, ಭಾಷಾ ಅಲ್ಪಸಂಖ್ಯಾತರ ಆಯುಕ್ತರನ್ನು ಕುರಿತ 350-ಬಿ ವಿಧಿಯೂ ಬಂದವು. ಇದರೊಡನೆ ರಾಜ್ಯಗಳು ಒಪ್ಪಿಕೊಂಡ ರಕ್ಷಣೆಗಳಲ್ಲಿ ಹೆಚ್ಚಿನ ಪೋಷಕರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ: ಶಾಲಾವರ್ಷ ಆರಂಭವಾಗುವ ಮೂರು ತಿಂಗಳ ಮೊದಲೇ, ಮಾತೃಭಾಷೆಯಲ್ಲಿ ಕಲಿಯಬಯಸುವ ಮಕ್ಕಳ ಹೆಸರನ್ನು ಬರೆಸಲು ಮುಂಗಡ ನೋಂದಣಿ ಪುಸ್ತಕವನ್ನು ಶಾಲೆಗಳಲ್ಲಿ ತೆರೆದಿರಬೇಕು. ಜೂನ್ ಎಂದು ಲೆಕ್ಕ ಹಿಡಿದರೆ ಮಾರ್ಚ್. ಪುಸ್ತಕದಲ್ಲಿ ಹೆಸರಿಲ್ಲದ ಮಗು ಸರ್ಕಾರದ ಕಣ್ಣಿಗೆ ಇಲ್ಲದ ಮಗುವೇ.

ನಮ್ಮ ಸಂಘಗಳು ರಾಜ್ಯೋತ್ಸವವನ್ನು ಸೊಗಸಾಗಿ ಮಾಡುತ್ತವೆ, ಬೇಡಿಕೆಪತ್ರವನ್ನೂ ಹಾರದೊಡನೆ ಅರ್ಪಿಸುತ್ತವೆ. ಆ ಪತ್ರದಲ್ಲಿ ‘ಅನೇಕ ಶಾಲೆಗಳಲ್ಲಿ ಶಿಕ್ಷಕರಿಲ್ಲ’ ಎಂದಿರುತ್ತದೆ. ಅನೇಕ ಎಂದರೆ ಎಷ್ಟು? ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಎಂದಿನಿಂದ ಖಾಲಿ, ಯಾವ ವಿಷಯದ್ದು, ಪಠ್ಯಪುಸ್ತಕ ಶಾಲೆಗೆ ಬಂದ ದಿನಾಂಕ ಯಾವುದು, ಐದನೆಯ ತರಗತಿ ಮುಗಿಸಿದ ಮಕ್ಕಳಲ್ಲಿ ಆರನೆಯದಕ್ಕೆ ಕನ್ನಡದಲ್ಲಿಯೇ ಮುಂದುವರಿದವರೆಷ್ಟು? ಇವು ಶಾಲೆಯಿಂದ ಶಾಲೆಗೆ ಒಂದು ಹಾಳೆಯಲ್ಲಿ ಬರೆಯಬಹುದಾದ ಅಂಕಿಗಳು. 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯೇ ಹೇಳುವಾಗ, ಒಬ್ಬರೇ ಇರುವ ಶಾಲೆಯ ಹೆಸರನ್ನು ಬರೆದರೆ ಸಾಕು, ವಿಶೇಷಣ ಬೇಕಿಲ್ಲ.

ಈ ಅಂಕಿಗಳನ್ನು ಪಡೆಯುವ ದಾರಿಯಲ್ಲಿ ಎರಡು ಕಾನೂನಿನ ಸೂಕ್ಷ್ಮಗಳಿವೆ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಆದ್ದರಿಂದ ಶಿಕ್ಷಕರ ಕೊರತೆಯ ಮನವಿಯನ್ನು ಕನ್ನಡದಲ್ಲಿಯೇ ಬರೆಯಿರಿ, ಸ್ವೀಕೃತಿಯ ಮುದ್ರೆಯನ್ನು ಮರೆಯದೆ ಪಡೆಯಿರಿ. ಮಾಹಿತಿ ಹಕ್ಕಿನ ಅರ್ಜಿಯಾದರೋ ಇಂಗ್ಲಿಷ್, ಹಿಂದಿ ಅಥವಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕೆಂದು ಆ ಕಾಯಿದೆಯ 6ನೆಯ ಕಲಮು ಹೇಳುವುದರಿಂದ, ಅದನ್ನು ತೆಲುಗಿನಲ್ಲಿ ಬರೆಯುವುದು ಕ್ಷೇಮ. ನಮ್ಮ ಮಕ್ಕಳಿಗೆ ಎರಡೂ ಭಾಷೆ ಬರುತ್ತದೆ. ಅವರ ಕೈಯಲ್ಲಿಯೇ ಬರೆಸಿದರೂ ಆದೀತು. ಈ ರಾಜ್ಯದ ನಿಯಮದಂತೆ ಗ್ರಾಮಮಟ್ಟದ ಕಚೇರಿಯಲ್ಲಿ ಅರ್ಜಿಗೆ ಶುಲ್ಕವಿಲ್ಲ. ಮಂಡಲಮಟ್ಟದಲ್ಲಿ 5 ರೂಪಾಯಿ, ಅದರ ಮೇಲಿನ ಕಚೇರಿಗಳಲ್ಲಿ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಗಡುವು. ಮುಂಗಡ ನೋಂದಣಿ ಪುಸ್ತಕ ತೆರೆದಿದೆಯೇ ಎಂಬ ಪ್ರಶ್ನೆಯನ್ನು ಫೆಬ್ರವರಿಯ ಮೊದಲ ವಾರದಲ್ಲಿ ಮಂಡಲ ಶಿಕ್ಷಣಾಧಿಕಾರಿಯ ಕಚೇರಿಗೆ ಕಳುಹಿಸಿದರೆ, ಉತ್ತರ ಮಾರ್ಚಿಗೆ ಕೈಸೇರುತ್ತದೆ.