ಇರೋ ಸಾಮಾನಿನಲ್ಲೇ ಮನೆಗೆ ಹೊಸ ಕಳೆ

ಯುಗಾದಿ ಹತ್ತಿರ ಬಂತು ಅನ್ನಿ. ಇಲ್ಲವೇ ಊರ ಜಾತ್ರೆ ಬಂತು. ಇಲ್ಲವೇ ಮಗಳನ್ನು ನೋಡೋಕೆ ಗಂಡಿನ ಕಡೆಯವರು ಬರ್ತಾರೆ. ಆಗ ನಾವು ಮನೆಯನ್ನು ಒಂದು ಸಲ ಸುತ್ತ ನೋಡುತ್ತೇವೆ. ಗೋಡೆಗೆ ಮಸಿ ಹಿಡಿದಿದೆ. ಬಾಗಿಲ ಪರದೆ ಹರಿದಿದೆ. ಮೂಲೆಯಲ್ಲಿ ಮೂಟೆ, ಅಟ್ಟದ ಮೇಲೂ ಮೂಟೆ. "ಅಯ್ಯೋ, ಈ ಮನೆಗೆ ನೆಂಟರನ್ನ ಹೆಂಗೆ ಕರೆಯೋದು ಕಣಕ್ಕ?" ಅನ್ನುತ್ತೇವೆ.

ಅಷ್ಟರಲ್ಲಿ ಕಂತಿನ ವ್ಯಾಪಾರದವನು ಬಾಗಿಲಿಗೆ ಬರುತ್ತಾನೆ. ಹೊಸ ಪರದೆ, ಹೊಸ ಕುರ್ಚಿ, ಹೊಸ ಹೊದಿಕೆ ತೋರಿಸುತ್ತಾನೆ. "ದುಡ್ಡು ಆಮೇಲೆ ಕೊಡಿ ಅಮ್ಮ" ಅನ್ನುತ್ತಾನೆ. ನಮಗೂ ಆಸೆ ಆಗುತ್ತದೆ. ಆಸೆ ತಪ್ಪಲ್ಲ. ಆದರೆ ಮೊದಲು ಲೆಕ್ಕ ಹಾಕೋಣ.

ಸಾಲದ ಲೆಕ್ಕ

5000 ರೂಪಾಯಿ ಸಾಲ ತಂದೆವು ಅನ್ನಿ. ಬಡ್ಡಿ ತಿಂಗಳಿಗೆ ನೂರಕ್ಕೆ 3 ರೂಪಾಯಿ. ಹಾಗಾದರೆ ತಿಂಗಳಿಗೆ 150 ರೂಪಾಯಿ ಬಡ್ಡಿ. ವರ್ಷಕ್ಕೆ 1800 ರೂಪಾಯಿ. ವರ್ಷ ಕಳೆದರೂ ಅಸಲು 5000 ಹಾಗೇ ನಿಂತಿರುತ್ತದೆ. ಪರದೆ ಮಾತ್ರ ಹಳೇದಾಗಿರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ನಾವು ಇನ್ನೊಂದು ಮಾತು ಸೇರಿಸೋಣ. ಹಾಸಿಗೆ ಎಷ್ಟಿದೆ ಅಂತ ಮೊದಲು ಬಿಚ್ಚಿ ನೋಡೋಣ. ನಮ್ಮ ಮನೆಯಲ್ಲೇ ಏನೇನಿದೆ ಅಂತ ನಮಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಮೊದಲು ಬೆಳಕು

ಒಂದು ದಿನ ಬಿಡುವು ಮಾಡಿಕೊಳ್ಳಿ. ಒಂದು ಕೋಣೆಯ ಸಾಮಾನನ್ನೆಲ್ಲ ಅಂಗಳಕ್ಕೆ ತನ್ನಿ. ಬಿಸಿಲಿಗೆ ಹರಡಿ. ಮೂರು ಗುಂಪು ಮಾಡಿ. ದಿನಾ ಬೇಕಾದ್ದು ಒಂದು. ಯಾವಾಗಲೋ ಬೇಕಾದ್ದು ಇನ್ನೊಂದು. ಬೇಡವೇ ಬೇಡ ಅನ್ನುವುದು ಮೂರನೇದು. ಮೂರನೇ ಗುಂಪಿನಲ್ಲಿ ಗುಜರಿಗೆ ಹೋಗುವುದನ್ನು ಗುಜರಿಗೆ ಹಾಕಿ. ನಾಲ್ಕು ಕಾಸು ಕೈಗೆ ಬರುತ್ತದೆ. ಮೂಟೆಗಳ ಸಂದಿಯಲ್ಲಿ ಇಲಿ, ಚೇಳು ಸೇರಿಕೊಳ್ಳುವುದೂ ತಪ್ಪುತ್ತದೆ. ಮೂಟೆ ಎತ್ತುವಾಗ ಬರಿಗೈಯನ್ನು ಸಂದಿಗೆ ಹಾಕಬೇಡಿ. ಮೊದಲು ಕೋಲಿನಿಂದ ತಟ್ಟಿ.

ಆಮೇಲೆ ಕಿಟಕಿ ನೋಡಿ. ಅನೇಕ ಮನೆಗಳಲ್ಲಿ ಕಿಟಕಿಗೆ ಅಡ್ಡ ಬೀರು ನಿಂತಿರುತ್ತದೆ. ಅಡುಗೆ ಮನೆಯ ಗವಾಕ್ಷಿಗೆ ಗೋಣಿ ತುರುಕಿರುತ್ತದೆ. ಬೀರು ಸರಿಸಿ. ಗೋಣಿ ತೆಗೆಯಿರಿ. ಗವಾಕ್ಷಿ ಇರುವುದು ಹೊಗೆ ಹೋಗಲಿ ಅಂತ, ಬೆಳಕು ಬರಲಿ ಅಂತ. ಸೌದೆ ಒಲೆಯ ಹೊಗೆ ನಮ್ಮ ಕಣ್ಣಿಗೂ ಎದೆಗೂ ಕೆಟ್ಟದ್ದು. ನಮ್ಮ ಸೊಂಟದ ಮೇಲಿರುವ ಮಗುವಿಗೆ ಇನ್ನೂ ಕೆಟ್ಟದ್ದು. ಆ ಹೊಗೆಯೇ ಗೋಡೆಗೆ ಮಸಿ ಹಿಡಿಸುವುದು. ಮಳೆಗಾಲದಲ್ಲಿ ಗವಾಕ್ಷಿ ಸೋರುತ್ತದೆ ಅಂದರೆ ಮೇಲೆ ಒಂದು ಹಳೇ ತಗಡನ್ನು ಓರೆಯಾಗಿ ಕೂರಿಸಿ. ನೀರು ಜಾರಿ ಹೋಗುತ್ತದೆ, ಹೊಗೆ ಪಕ್ಕದಿಂದ ಹೋಗುತ್ತದೆ.

ಕಾಸು ಖರ್ಚಿಲ್ಲದೆ ಮನೆ ಅರ್ಧ ಹೊಸದಾಯಿತು.

ಸುಣ್ಣದ ಗುಟ್ಟು

ಸುಣ್ಣಕ್ಕೆ ಸ್ವಲ್ಪ ದುಡ್ಡು ಬೇಕು. ಆದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕಳೆ ಕೊಡುವ ವಸ್ತು ಬೇರೆ ಇಲ್ಲ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕನ್ನು ಕೋಣೆಗೆ ವಾಪಸ್ ಕೊಡುತ್ತದೆ. ಮಸಿ ಗೋಡೆ ಬೆಳಕನ್ನು ನುಂಗುತ್ತದೆ. ಅದಕ್ಕೇ ಸುಣ್ಣ ಹೊಡೆದ ಮನೆ ದೊಡ್ಡದಾಗಿ ಕಾಣುವುದು.

ಸುಟ್ಟ ಸುಣ್ಣದ ಕಲ್ಲಿಗೆ ನೀರು ಸೇರಿದರೆ ಅದು ಕುದಿಯುತ್ತದೆ. ಅದಕ್ಕಾಗಿ ಪ್ಲಾಸ್ಟಿಕ್ ಬಕೆಟ್ ಬೇಡ. ಕಬ್ಬಿಣದ ಡ್ರಮ್ಮಿಗೆ ನೀರು ಹಾಕಿ, ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿ. ಮಕ್ಕಳನ್ನು ದೂರ ಇಡಿ. ರಾತ್ರಿಯೆಲ್ಲ ನೆನೆಯಲಿ. ಬೆಳಿಗ್ಗೆ ಹಳೇ ಪಂಚೆಯಲ್ಲಿ ಸೋಸಿ. ಗೋಡೆಗೆ ಹಿಡಿಯಲು ಸ್ವಲ್ಪ ಅಂಟು ಬೆರೆಸಿ. ಚೂರು ನೀಲಿ ಹಾಕಿದರೆ ಬಿಳುಪು ಎದ್ದು ಕಾಣುತ್ತದೆ. ಹಚ್ಚುವ ಮುಂಚೆ ಮಸಿಯನ್ನು ಪೊರಕೆಯಿಂದ ಗುಡಿಸಿ, ಗೋಡೆಗೆ ನೀರು ಚಿಮುಕಿಸಿ. ಎಣ್ಣೆ ಬಣ್ಣ ಬಳಿದ ಗೋಡೆಗೆ ಸುಣ್ಣ ನಿಲ್ಲುವುದಿಲ್ಲ, ಉದುರುತ್ತದೆ. ಅಂಥ ಗೋಡೆಯನ್ನು ಸೋಪಿನ ನೀರಿನಲ್ಲಿ ಒರೆಸಿದರೆ ಸಾಕು.

ಹಚ್ಚಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅದಕ್ಕೇ ಅದು ಗೋಡೆ ಹಿಡಿದು ನಿಲ್ಲುತ್ತದೆ. ಸುಣ್ಣ ಕಣ್ಣಿಗೆ ಸಿಡಿದರೆ ಉಜ್ಜಬೇಡಿ. ತಣ್ಣೀರಿನಲ್ಲಿ ತುಂಬಾ ಹೊತ್ತು ತೊಳೆಯಿರಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಹಳೇ ಸೀರೆ, ಹೊಸ ಪರದೆ

ನಮ್ಮ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದು ಕೇಳದ ಬೀದಿ ಕಡಿಮೆ. ಅಲ್ಲಿ ನೇಯ್ದ ಸೀರೆಗಳನ್ನು ಎಲ್ಲೆಲ್ಲಿಯೋ ಉಡುತ್ತಾರೆ. ಸೀರೆಯ ಬೆಲೆ ನೇಯುವವರಿಗೆ ಗೊತ್ತು. ಸ್ವಲ್ಪ ಹರಿದರೆ ಬಿಸಾಡಲು ಮನಸ್ಸು ಬರುವುದಿಲ್ಲ. ಬಿಸಾಡುವುದೂ ಬೇಡ.

ಒಂದು ಸೀರೆ ಸುಮಾರು 18 ಅಡಿ ಉದ್ದ. ಒಂದು ಬಾಗಿಲ ಪರದೆಗೆ ಮಡಿಕೆ ಸೇರಿ ಏಳೂವರೆ ಅಡಿ ಬೇಕು. ಎರಡು ಪರದೆಗೆ 15 ಅಡಿ. ಉಳಿದ 3 ಅಡಿಯಲ್ಲಿ ಒಂದು ದಿಂಬಿನ ಗವಸು ಆಗುತ್ತದೆ. ಸೆರಗು ಪರದೆಯ ಕೆಳಗೆ ಬರುವ ಹಾಗೆ ಕತ್ತರಿಸಿ. ಬಾಗಿಲಿಗೆ ಅದೇ ಅಂದ. ಹತ್ತಿ ಸೀರೆ ಆದರೆ ಒಳ್ಳೇದು. ನೈಲಾನ್, ಪಾಲಿಯೆಸ್ಟರ್ ಸೀರೆಯನ್ನು ಒಲೆಯ ಹತ್ತಿರ ಕಟ್ಟಲೇಬೇಡಿ. ಬೆಂಕಿ ತಗುಲಿದರೆ ಅದು ಕರಗಿ ಮೈಗೆ ಅಂಟುತ್ತದೆ.

ತೀರಾ ಹರಿದ ಸೀರೆಯನ್ನು ಉದ್ದುದ್ದ ಪಟ್ಟಿ ಮಾಡಿ. ಮೂರು ಪಟ್ಟಿ ಸೇರಿಸಿ ಜಡೆ ಹೆಣೆಯಿರಿ. ಜಡೆಯನ್ನು ಚಕ್ಕುಲಿಯ ಹಾಗೆ ಸುತ್ತಿ ಹೊಲಿಯಿರಿ. ಬಾಗಿಲಿಗೆ ಕಾಲೊರಸು ಆಯಿತು. ಮಗ್ಗದ ಮನೆಯಲ್ಲಿ ಉಳಿಯುವ ನೂಲಿನ ತುಂಡು ಸಿಕ್ಕರೆ ಕುಚ್ಚು ಕಟ್ಟಿ. ಅದೇ ಬಾಗಿಲಿಗೆ ತೋರಣ.

ಇನ್ನು ಕೌದಿ. ಕೆಲವರು ಬೊಂತೆ ಅನ್ನುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಜನಾಂಗದವರು ಇದ್ದಾರೆ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು. ಆ ಹೆಂಗಸರು ಹಳೇ ಬಟ್ಟೆಯ ಚೂರುಗಳಿಂದಲೇ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಚೂರನ್ನು ಮಡಚಿ ಹೂವು ಇಡುತ್ತಾರೆ. ಆ ಹೂವಿಲ್ಲದಿದ್ದರೆ ಕೌದಿ ಪೂರ್ತಿಯಾದ ಹಾಗಲ್ಲ. ಈ ಕೌದಿಗಳು ಅಮೆರಿಕದಲ್ಲಿ ಪ್ರದರ್ಶನಕ್ಕೂ ಹೋಗಿವೆ. ಚಿಂದಿ ಅಂತ ನಾವು ಬಿಸಾಡುವುದನ್ನು ಜನ ನಿಂತು ನೋಡಿದ್ದಾರೆ!

ಅಂಗಳದಲ್ಲಿ ಬಿದ್ದ ಸಾಮಾನು

ದೇವನಹಳ್ಳಿ, ವಿಜಯಪುರದ ಕಡೆ ರೇಷ್ಮೆ ಸಾಕುವವರು ಬಹಳ. ಮುರಿದ ಬಿದಿರಿನ ಚಂದ್ರಿಕೆ ಎಷ್ಟೋ ಮನೆಗಳ ಹಿತ್ತಲಲ್ಲಿ ಬಿದ್ದಿರುತ್ತದೆ. ಅದನ್ನು ಚೆನ್ನಾಗಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ. ಒಂದೇ ಕೋಣೆಯ ಮನೆಯಲ್ಲಿ ನಿಲ್ಲಿಸಿದರೆ ತಡಿಕೆ ಆಗುತ್ತದೆ. ಬಟ್ಟೆ ಬದಲಾಯಿಸಲು ನಮಗೂ ಮಗಳಿಗೂ ಒಂದು ಮರೆ ಸಿಗುತ್ತದೆ. ಗೋಡೆಗೆ ಒರಗಿಸಿದರೆ ಹೀರೆ ಬಳ್ಳಿಗೆ ಚಪ್ಪರ.

ತವರಿನಿಂದ ತಂದ ಟ್ರಂಕಿನ ಮೇಲೆ ಕೌದಿ ಮಡಚಿ ಹಾಕಿದರೆ ನೆಂಟರಿಗೆ ಕೂರುವ ಜಾಗ. ಒಡಕು ಮಡಕೆಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಡಿ. ಮಡಕೆಯ ತಳಕ್ಕೆ ತೂತು ಇರಲಿ. ನೀರು ನಿಂತರೆ ಡೆಂಗೆ ತರುವ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಬೇಕು.

ಅಟ್ಟದ ಮೇಲಿನ ಹಿತ್ತಾಳೆ ಬಿಂದಿಗೆ ಇಳಿಸಿ. ಹುಣಸೆಹಣ್ಣು ಹಾಕಿ ತಿಕ್ಕಿ. ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ. ಬಿಂದಿಗೆ ಚಿನ್ನದ ಹಾಗೆ ಹೊಳೆಯುತ್ತದೆ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಮಾತ್ರ ಹುಳಿ ಸಾರು, ಮಜ್ಜಿಗೆ ಇಡಬೇಡಿ.

ಬಣ್ಣಕ್ಕೂ ಅಂಗಡಿಗೆ ಹೋಗಬೇಕಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಹೆಂಗಸರು ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನಿಂದ ಕೆಂಪು, ಅರೆದ ಅಕ್ಕಿಯಿಂದ ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು. ಪುಂಡಿ ನಾರೇ ಕುಂಚ. ನಮ್ಮ ಕಡೆ ಹೊಸಿಲ ಮುಂದೆ ರಂಗೋಲಿ ಹಾಕುವ ಕೈಗೆ ಇದೇನು ಕಷ್ಟವಲ್ಲ. ಕೆಮ್ಮಣ್ಣು ಕಲಸಿ ಗೋಡೆಯ ಬುಡಕ್ಕೆ ಒಂದು ಪಟ್ಟಿ ಎಳೆಯಿರಿ. ಅದರ ಮೇಲೆ ಅಕ್ಕಿ ಹಿಟ್ಟಿನ ಎಳೆ ಬಿಡಿ.

ಇವು ಮಾತ್ರ ಬೇಡ

ಇರೋದನ್ನೆಲ್ಲ ಬಳಸೋಣ ಅಂದೆವು. ಆದರೆ ಒಂದು ವಸ್ತು ಮಾತ್ರ ಮನೆಯೊಳಗೆ ಬರಕೂಡದು. ಅದು ಔಷಧಿ ಡಬ್ಬಿ. ನಮ್ಮ ಕಡೆ ದ್ರಾಕ್ಷಿ ತೋಟ, ತರಕಾರಿ ತೋಟ ಇವೆ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿ, ಕ್ಯಾನು ನೋಡಲು ಚೆಂದ, ಗಟ್ಟಿ. ನೀರಿಗೆ ಇಡೋಣ ಅನ್ನಿಸುತ್ತದೆ. ಅದು ಔಷಧಿಯಲ್ಲ, ವಿಷ. ಎಷ್ಟು ತೊಳೆದರೂ ವಿಷ ಪೂರ್ತಿ ಹೋಗುವುದಿಲ್ಲ. ಅದರಲ್ಲಿ ಕುಡಿಯುವ ನೀರು ಬೇಡ, ಕಾಳು ಬೇಡ. ಮಕ್ಕಳ ಆಟಕ್ಕೂ ಬೇಡ. ಮತ್ತೆ ಯಾರೂ ಬಳಸದ ಹಾಗೆ ಅದಕ್ಕೆ ತೂತು ಮಾಡಿಬಿಡಿ. ಕಾರ್ಖಾನೆಯಿಂದ ಬರುವ ರಾಸಾಯನಿಕದ ಡ್ರಮ್ಮಿಗೂ ಇದೇ ಮಾತು.

ಡಬ್ಬಿಗೆ ಹೆಸರು, ನಮಗೊಂದು ಮೂಲೆ

ಈಗ ಅಡುಗೆ ಮನೆಗೆ ಬನ್ನಿ. ಹಾಲಿನ ಪುಡಿ ಡಬ್ಬಿ, ಬಿಸ್ಕತ್ತಿನ ಡಬ್ಬಿ ಇರುತ್ತವೆ. ತೊಳೆದು ಒಣಗಿಸಿ. ಹಳೇ ಕ್ಯಾಲೆಂಡರಿನ ಬಿಳಿ ಬೆನ್ನನ್ನು ಚೌಕವಾಗಿ ಕತ್ತರಿಸಿ. ಅದರ ಮೇಲೆ ಬರೆಯಿರಿ: ರಾಗಿ. ಉದ್ದು. ಅವರೆ. ಸಾಸಿವೆ. ಮೈದಾ ಹಿಟ್ಟಿನ ಅಂಟಿನಿಂದ ಡಬ್ಬಿಗೆ ಅಂಟಿಸಿ. ಅಕ್ಷರ ಸೊಟ್ಟ ಇದ್ದರೂ ಪರವಾಗಿಲ್ಲ. ನಮ್ಮ ಕೈಯಕ್ಷರವೇ ಮನೆಗೆ ಅಲಂಕಾರ.

ಇದರಲ್ಲಿ ಇನ್ನೊಂದು ಲಾಭ ಇದೆ. ಸೋಡಾ ಪುಡಿಯೂ ಬಿಳಿ, ಉಪ್ಪೂ ಬಿಳಿ. ಅವಸರದಲ್ಲಿ ಕೈ ತಪ್ಪಬಹುದು. ಹೆಸರು ಇದ್ದರೆ ತಪ್ಪುವುದಿಲ್ಲ. ಬ್ಲೀಚಿಂಗ್ ಪುಡಿ, ಫಿನಾಯಿಲ್ ಮೇಲೆ "ತಿನ್ನಬಾರದು" ಅಂತ ಕೆಂಪಕ್ಷರದಲ್ಲಿ ಬರೆಯಿರಿ. ಅವನ್ನು ಕಾಳಿನ ಡಬ್ಬಿಗಳಿಂದ ದೂರ, ಮಕ್ಕಳ ಕೈಗೆ ಎಟುಕದ ಕಡೆ ಇಡಿ.

ಕೊನೆಯ ಮಾತು. ಮನೆಯಲ್ಲಿ ದೇವರಿಗೆ ಒಂದು ಗೂಡು ಇದೆ. ಯಜಮಾನರಿಗೆ ಒಂದು ಕುರ್ಚಿ ಇದೆ. ಮಕ್ಕಳ ಪುಸ್ತಕಕ್ಕೆ ಒಂದು ಹಲಗೆ ಇದೆ. ನಮಗೆ ಏನಿದೆ? ಒಲೆ ಮುಂದಿನ ಮಣೆ ಇದೆ. ಅಷ್ಟು ಸಾಲದು. ಸಾಮಾನು ತೆಗೆದಾಗ ಖಾಲಿಯಾಯಿತಲ್ಲ, ಕಿಟಕಿ ಪಕ್ಕದ ಆ ಮೂಲೆಯನ್ನು ನಾವು ಇಟ್ಟುಕೊಳ್ಳೋಣ. ಒಂದು ಚಾಪೆ, ಒಂದು ಪುಸ್ತಕ, ಒಂದು ಪೆನ್ನು. ದಿನಕ್ಕೆ ಅರ್ಧ ಗಂಟೆ ಕೂತು ಓದೋಣ. "ಏನಮ್ಮ ಮಾಡ್ತಿದ್ದೀಯ?" ಅಂತ ಮಗು ಕೇಳಿದರೆ "ಬಾ ಮಗ, ನೀನೂ ಓದು" ಅನ್ನೋಣ. ಕಂತಿನವನ ಹತ್ತಿರ ಇಂಥ ಮೂಲೆ ಮಾರಾಟಕ್ಕೆ ಇಲ್ಲ.

ನಾವು ಮಾತಾಡೋಣ

1. ನಿಮ್ಮ ಮನೆಯಲ್ಲಿ ಬೆಳಕಿಗೆ ಅಡ್ಡವಾಗಿರುವ ಸಾಮಾನು ಯಾವುದು?
2. ಹಬ್ಬಕ್ಕೆ ಸಾಲ ಮಾಡಿದ್ದು ಉಂಟೇ? ಬಡ್ಡಿ ಎಷ್ಟಾಯಿತು?
3. 2000 ರೂಪಾಯಿಗೆ ತಿಂಗಳಿಗೆ ನೂರಕ್ಕೆ 3ರಂತೆ ವರ್ಷದ ಬಡ್ಡಿ ಎಷ್ಟು? ಲೆಕ್ಕ ಹಾಕಿ.
4. ನಿಮ್ಮ ಅಡುಗೆ ಮನೆಯ ಐದು ಡಬ್ಬಿಗಳ ಹೆಸರು ಬರೆಯಿರಿ.