ತಾಮ್ರ ಸಾಕು, ಸೀಸ ಬೇಡ

ಪೆನ್ನಾಗರಂ, ಹೊಗೆನಕಲ್, ಮುತ್ತೂರು, ಜವಳಗಿರಿ. ಈ ಊರುಗಳಿಗೆ ಕಾಲಿಡದ ಕನ್ನಡಿಗರಿಗೂ ಅವುಗಳ ಹೆಸರು ಗೊತ್ತು. ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದದ್ದರ ಫಲ ಅದು. ಆಂಡರ್ಸನ್ ಅಲೆದಾಡಿದ ಕಾಲಕ್ಕೆ ಈ ಕಾಡುಗಳೆಲ್ಲ ಅಖಂಡ ಸೇಲಂ ಜಿಲ್ಲೆಯಲ್ಲಿದ್ದವು. ಧರ್ಮಪುರಿ ಬೇರೆಯಾದದ್ದು 1965ರಲ್ಲಿ, ಅದರಿಂದ ಕೃಷ್ಣಗಿರಿ ಒಡೆದದ್ದು 2004ರಲ್ಲಿ. ಅವನ ಕೈಯಲ್ಲಿದ್ದ .405 ವಿಂಚೆಸ್ಟರ್ ಕೋವಿ ಸುಮಾರು 19 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ 670 ಮೀಟರ್ ವೇಗದಲ್ಲಿ ಕಳಿಸುತ್ತಿತ್ತು. ಅವನ ಕಾಡಿನ ಗೆಳೆಯರ ಬಳಿ ಇದ್ದದ್ದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ನಾಡಕೋವಿ. ಎರಡರ ಹಿಂದೆಯೂ ನಂಬಿಕೆ ಒಂದೇ: ಮಿಕ ಬೀಳಬೇಕಾದರೆ ಗುಂಡು ಭಾರವಾಗಿರಬೇಕು, ಭಾರಕ್ಕೆ ಸೀಸವೇ ಬೇಕು. ಕಳೆದ ಮೂರು ದಶಕಗಳಲ್ಲಿ ಈ ನಂಬಿಕೆ ಪರೀಕ್ಷೆಗೆ ಒಳಗಾಗಿದೆ, ಸೋತಿದೆ. ಸಣ್ಣ ನಳಿಗೆಯ ರೈಫಲ್ಲಿನಿಂದ ಹೊರಟ ಹಗುರವಾದ ತಾಮ್ರದ ಗುಂಡು ಜಿಂಕೆಯನ್ನು ಸೀಸದಷ್ಟೇ ಅಚ್ಚುಕಟ್ಟಾಗಿ ಕೆಡವುತ್ತದೆ ಎಂಬುದು ಈಗ ಒಂದು ದೇಶದ ಕಾನೂನೇ ಒಪ್ಪಿಕೊಂಡ ಸಂಗತಿ. ಜಿಂಕೆ ಬೇಟೆ ಅಪರಾಧವಾಗಿರುವ ನಮ್ಮ ನಾಡಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ಆಗಬೇಕಾದದ್ದು ಇದೆ. ಆದರೆ ಮೊದಲು ಲೋಹದ ಲೆಕ್ಕ ಮುಗಿಸೋಣ.

ಸೀಸ ಗುಂಡಿಗೆ ಹೇಳಿ ಮಾಡಿಸಿದ ಲೋಹ ಎನ್ನಿಸಿಕೊಂಡದ್ದಕ್ಕೆ ಕಾರಣಗಳಿವೆ. ಅಗ್ಗ, ಮೃದು, ಭಾರ. 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಸೌದೆ ಒಲೆಯ ಮೇಲೇ ಎರಕ ಹೊಯ್ಯಬಹುದು. ಆದರೆ ವೇಗ ಹೆಚ್ಚಿದಂತೆ ಈ ಮೃದುತನವೇ ದೋಷವಾಗುತ್ತದೆ. ಸೀಸದ ತಿರುಳಿಗೆ ತೆಳುವಾದ ತಾಮ್ರದ ಕವಚ ತೊಡಿಸಿದ ಸಾಮಾನ್ಯ ರೈಫಲ್ ಗುಂಡು ಮೂಳೆಗೆ ತಗುಲಿದ ಕ್ಷಣ ಗೋಡೆಗೆ ಎಸೆದ ಹಸಿ ಮಣ್ಣಿನ ಉಂಡೆಯಂತೆ ಸಿಡಿಯುತ್ತದೆ. ತೂಕದ ದೊಡ್ಡ ಪಾಲು ಚೂರುಗಳಾಗಿ ಮಾಂಸದೊಳಗೆ ಹರಡಿಕೊಳ್ಳುತ್ತದೆ. ಎಷ್ಟು ಹರಡುತ್ತದೆ ಎಂಬುದನ್ನು 2009ರಲ್ಲಿ ಅಮೆರಿಕದ ಸಂಶೋಧಕರು ಎಕ್ಸ್‌ರೇ ಹಿಡಿದು ನೋಡಿದರು. ಸೀಸದ ಗುಂಡಿಗೆ ಬಿದ್ದ 30 ಜಿಂಕೆಗಳ ಕರುಳು, ಒಳಾಂಗಗಳನ್ನು ತೆಗೆದ ಮೇಲೂ ಒಂದೊಂದು ಒಡಲಲ್ಲಿ ಸರಾಸರಿ 136 ಲೋಹದ ಚೂರುಗಳು ಕಂಡವು. ಕನಿಷ್ಠ 15, ಗರಿಷ್ಠ 409. ಮಾಂಸವನ್ನು ಕಟುಕರ ಅಂಗಡಿಗಳಲ್ಲಿ ಕೊಯ್ಸಿ ಕೈಮಾ ಮಾಡಿಸಿ ಪೊಟ್ಟಣ ಕಟ್ಟಿದ ಮೇಲೂ 30ರಲ್ಲಿ 24 ಜಿಂಕೆಗಳ ಮಾಂಸದಲ್ಲಿ ಚೂರು ಉಳಿದಿತ್ತು. ಅದನ್ನು ತಿನ್ನಿಸಿದ ಹಂದಿಗಳ ರಕ್ತದಲ್ಲಿ ಸೀಸದ ಪ್ರಮಾಣ ಏರಿತು. ಕಣ್ಣಿಗೂ ಬೆರಳಿಗೂ ಸಿಗದ ಈ ಪುಡಿ ತೊಳೆದರೆ ಹೋಗುವುದಿಲ್ಲ, ಬೇಯಿಸಿದರೆ ಸಾಯುವುದಿಲ್ಲ. ಹುಳಿ ಹಾಕಿ ಬೇಯಿಸಿದರಂತೂ ಸೀಸ ಇನ್ನಷ್ಟು ಕರಗಿ ಸಾರಿಗೆ ಇಳಿಯುತ್ತದೆ. ಮಕ್ಕಳ ಮಿದುಳಿನ ಮಟ್ಟಿಗೆ ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ.

ಇಡೀ ಗುಂಡನ್ನು ತಾಮ್ರದಲ್ಲೇ ಮಾಡುವ ಪ್ರಯೋಗ ಮಾರುಕಟ್ಟೆಗೆ ಬಂದದ್ದು 1989ರಲ್ಲಿ, ಅಮೆರಿಕದ ಬಾರ್ನ್ಸ್ ಕಂಪನಿಯ ‘ಎಕ್ಸ್’ ಗುಂಡಿನೊಂದಿಗೆ. ಅದರ ಕುಶಲತೆ ಇರುವುದು ಮೂತಿಯಲ್ಲಿ. ತುದಿಯಲ್ಲಿ ಒಂದು ಕಿರಿದಾದ ಕುಳಿ, ಕುಳಿಯ ಒಳಗೋಡೆಯಲ್ಲಿ ಸೀಳಲು ಅನುವಾಗುವ ಗೆರೆಗಳು. ಗುಂಡು ಮಾಂಸವನ್ನು ಹೊಕ್ಕಾಗ ಒದ್ದೆ ಅಂಗಾಂಶ ಕುಳಿಗೆ ನುಗ್ಗುತ್ತದೆ, ಒಳಗಿನ ಒತ್ತಡಕ್ಕೆ ಮೂತಿ ನಾಲ್ಕು ಎಸಳಾಗಿ ಬಿಚ್ಚಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಸುತ್ತಳತೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ತೂಕ ಮಾತ್ರ ಬಹುಪಾಲು ಹಾಗೆಯೇ ಉಳಿಯುತ್ತದೆ. ಇಲ್ಲಿಯೇ ಹಗುರ ಗುಂಡಿನ ಗುಟ್ಟು ಇರುವುದು. ಸೀಸದ ಗುಂಡು ದಾರಿಯುದ್ದಕ್ಕೂ ತನ್ನನ್ನೇ ಖರ್ಚು ಮಾಡಿಕೊಳ್ಳುವುದರಿಂದ ಹೊರಡುವಾಗ ಹೆಚ್ಚು ತೂಕ ಹೊತ್ತಿರಬೇಕು. ತಾಮ್ರದ್ದು ಕಳೆದುಕೊಳ್ಳುವುದಿಲ್ಲ, ಆದ್ದರಿಂದ ಹೊರಲೂ ಬೇಕಾಗಿಲ್ಲ. ಆರೂವರೆ ಗ್ರಾಂ ಸೀಸ ಹೊರಟು ಮೂರನೇ ಒಂದು ಭಾಗ ಸಿಡಿದುಹೋದರೆ ಪುಪ್ಪುಸದ ಆಚೆ ಬದಿಗೆ ತಲುಪುವುದು ನಾಲ್ಕೂಕಾಲು ಗ್ರಾಂ. ಐದು ಗ್ರಾಂ ತಾಮ್ರ ಹೊರಟರೆ ತಲುಪುವುದೂ ಹತ್ತಿರ ಹತ್ತಿರ ಐದೇ.

.243 ಅಂಗುಲದ, ಅಂದರೆ ಸುಮಾರು 6.2 ಮಿಲಿಮೀಟರ್ ಅಡ್ಡಳತೆಯ ಗುಂಡನ್ನು ಹಾರಿಸುವ ರೈಫಲ್ಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಜಿಂಕೆಗೆ ಬಳಸುವ ಕೋವಿಗಳಲ್ಲಿ ಇದು ಸಣ್ಣದು. ಇದರ ರೂಢಿಯ ಸೀಸದ ಗುಂಡು 100 ಗ್ರೇನ್, ಅಂದರೆ ಸುಮಾರು 6.5 ಗ್ರಾಂ, ವೇಗ ಸೆಕೆಂಡಿಗೆ 900 ಮೀಟರ್ ಆಸುಪಾಸು. 80 ಗ್ರೇನಿನ ತಾಮ್ರದ ಗುಂಡಿಗೆ ತೂಕ 5.2 ಗ್ರಾಂ, ವೇಗ 1000 ಮೀಟರ್. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎರಡೂ 2600 ಜೂಲ್ ಹತ್ತಿರಕ್ಕೇ ಬಂದು ನಿಲ್ಲುತ್ತವೆ. ಇನ್ನೊಂದು ಲೆಕ್ಕವೂ ಇದಕ್ಕೆ ಕೂಡಿಬರುತ್ತದೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ತಾಮ್ರದ್ದು 8.96, ಅಂದರೆ ತಾಮ್ರ ಸೀಸದ ಐದರಲ್ಲಿ ನಾಲ್ಕು ಭಾಗದಷ್ಟು ಭಾರ. 100 ಗ್ರೇನ್ ತಾಮ್ರವೇ ಬೇಕೆಂದು ಹಟ ಹಿಡಿದರೆ ಗುಂಡು ಉದ್ದವಾಗುತ್ತದೆ, ಹಳೆಯ ನಳಿಗೆಯ ತಿರುಪು ಅಷ್ಟುದ್ದದ ಗುಂಡನ್ನು ನೆಟ್ಟಗೆ ತಿರುಗಿಸಲಾರದೆ ಗುರಿ ಹಾಳಾಗುತ್ತದೆ. 80ಕ್ಕೆ ಇಳಿದರೆ ಉದ್ದ ಹಿಂದಿನಷ್ಟೇ ಇರುತ್ತದೆ. ಸ್ಕಾಟ್ಲೆಂಡಿನಲ್ಲಿ 1985ರ ಆದೇಶದ ಪ್ರಕಾರ ಕೆಂಪು ಜಿಂಕೆಯಂಥ ದೊಡ್ಡ ಜಾತಿಗಳಿಗೆ 100 ಗ್ರೇನಿಗಿಂತ ಹಗುರವಾದ ಗುಂಡು ಬಳಸುವಂತಿರಲಿಲ್ಲ. ಸೀಸವಿಲ್ಲದ ಗುಂಡಿಗೆ ಹೊರಳಲು ಈ ನಿಯಮವೇ ಅಡ್ಡಿಯಾಯಿತು. 2023ರ ನವೆಂಬರ್‌ನಲ್ಲಿ ಆ ಮಿತಿಯನ್ನು 80ಕ್ಕೆ ಇಳಿಸಿದರು. ನಮ್ಮ ಚುಕ್ಕೆ ಜಿಂಕೆಗಿಂತ ಮೈದುಂಬಿದ ಕೆಂಪು ಜಿಂಕೆಗೇ ಅಷ್ಟು ಸಾಕೆಂದು ಸರ್ಕಾರ ಒಪ್ಪಿದ ಮೇಲೆ ‘ಹಗುರ ಗುಂಡು ಆಟಿಕೆ’ ಎಂಬ ಮಾತಿಗೆ ಬೆಲೆಯಿಲ್ಲ.

ಹಾಗೆಂದು ತಾಮ್ರಕ್ಕೆ ಮಿತಿಯೇ ಇಲ್ಲವೆಂದಲ್ಲ. ಗಾಯಗೊಂಡು ಪೊದೆ ಸೇರಿ ನರಳಿ ಸಾಯುವ ಪ್ರಾಣಿಯನ್ನು ಕಂಡವರು ಎತ್ತುವ ಆಕ್ಷೇಪ ಹುರುಳಿಲ್ಲದ್ದಲ್ಲ. ಎಸಳು ಬಿಚ್ಚಲು ವೇಗ ಬೇಕು. ಮಿಕವನ್ನು ಮುಟ್ಟುವ ಹೊತ್ತಿಗೆ ವೇಗ ಸೆಕೆಂಡಿಗೆ 550–600 ಮೀಟರ್‌ಗಿಂತ ಕೆಳಗಿಳಿದಿದ್ದರೆ ಬಹುಪಾಲು ತಾಮ್ರದ ಗುಂಡುಗಳು ಅರಳದೆ ಪೆನ್ಸಿಲ್ ಚುಚ್ಚಿದಷ್ಟು ತೂತು ಮಾಡಿ ಆಚೆ ಹೋಗುತ್ತವೆ. ಹಗುರ ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುವುದರಿಂದ ದೂರದ ಹೊಡೆತಕ್ಕೆ ಅದು ತಕ್ಕುದಲ್ಲ. .223ರಂಥ ಇನ್ನೂ ಸಣ್ಣ ಕೋವಿಯ ಮೂರೂವರೆ ಗ್ರಾಂ ಗುಂಡು ರೋ ಜಿಂಕೆಯಂಥ ಪುಟ್ಟ ಪ್ರಾಣಿಗೆ ಸಾಕಾದೀತು. ಇನ್ನೂರು ಕಿಲೋ ದಾಟುವ ಕಡವೆಗೆ ಅದನ್ನು ಹಿಡಿಯುವುದು ಕ್ರೌರ್ಯ. ತಾಮ್ರ ಒಡೆಯದೆ ದೇಹ ದಾಟಿಹೋಗುವುದರಿಂದ ಪ್ರಾಣಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಇವೆಲ್ಲ ನಿಜ. ಆದರೆ ಇವು ಹತ್ತಿರ ಹೋಗು, ಪಕ್ಕೆಗೆ ಗುರಿಯಿಡು, ಹಿನ್ನೆಲೆ ನೋಡು ಎಂದು ಹೇಳುವ ಮಿತಿಗಳು. ಸೀಸದ ಗುಂಡು ಹಿಡಿದವನಿಗೂ ಇದೇ ಶಿಸ್ತು ಬೇಕು. ತಾಮ್ರ ಕೆಟ್ಟ ಹೊಡೆತವನ್ನು ಮನ್ನಿಸುವುದಿಲ್ಲ; ಸೀಸ ಮನ್ನಿಸಿದಂತೆ ಕಂಡರೂ ಅದರ ಬೆಲೆಯನ್ನು ತಿನ್ನುವವರ ಹೊಟ್ಟೆಯಿಂದ ವಸೂಲಿ ಮಾಡುತ್ತದೆ.

ಈಗ ನಮ್ಮ ಕಾಡಿಗೆ ಬರೋಣ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ; 1991ರ ತಿದ್ದುಪಡಿ ಪರವಾನಗಿ ಬೇಟೆಯ ಬಾಗಿಲನ್ನೂ ಮುಚ್ಚಿತು. ಆಂಡರ್ಸನ್ ಓಡಾಡಿದ ಈ ನೆಲದ ದೊಡ್ಡ ಭಾಗ ಇಂದು ಕಾವೇರಿ ಉತ್ತರ ಮತ್ತು 2022ರಲ್ಲಿ ಘೋಷಣೆಯಾದ ಕಾವೇರಿ ದಕ್ಷಿಣ ವನ್ಯಜೀವಿಧಾಮಗಳ ಒಳಗಿದೆ. ಇಲ್ಲಿ ಜಿಂಕೆಗೆ ಈಡು ಹೊಡೆಯುವುದು ಅಪರಾಧ, ಹಾಗೆಯೇ ಇರಬೇಕು. ಗುಂಡಿನ ಚರ್ಚೆ ಬೇಟೆಗೆ ಸಮ್ಮತಿಯ ಮುದ್ರೆ ಒತ್ತುತ್ತದೆ ಎಂದು ಅಂಜುವವರಿಗೆ ಉತ್ತರ ಇಷ್ಟೆ: ಇಲ್ಲಿನ ಕಳ್ಳಬೇಟೆಗೆ ತಾಮ್ರ ಪರಿಹಾರವೇ ಅಲ್ಲ. ನಾಡಕೋವಿಯ ಕರಿಮದ್ದಿನಿಂದ ಹೊರಡುವ ಗುಂಡಿಗೆ ತಾಮ್ರ ಅರಳುವಷ್ಟು ವೇಗ ಯಾವತ್ತೂ ಬರುವುದಿಲ್ಲ. ಅದರಲ್ಲಿ ತುಂಬುವುದು ಎರಕದ ಸೀಸ, ಚರೆ, ಸೈಕಲ್ ಬಾಲು, ಕಬ್ಬಿಣದ ತುಂಡು. ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯಲೆಂದು ಬಾಯಿಮದ್ದಿನ ಕೋವಿಗೆ ಪರವಾನಗಿ ಕೊಡುತ್ತದೆ, ನಿಜ. ಆದರೆ ರಾತ್ರಿ ನೀರಿನ ಹೊಂಡದ ಬಳಿ ಕೂರುವ ಕೋವಿಗೆ ಕಾಗದಪತ್ರ ಇರುವುದಿಲ್ಲ. 2023ರ ಫೆಬ್ರವರಿಯಲ್ಲಿ ಸೇಲಂ ಜಿಲ್ಲೆಯ ಗೋವಿಂದಪಾಡಿಯ ಒಬ್ಬರು ಪಾಲಾರ್ ಗಡಿಯಲ್ಲಿ ಕರ್ನಾಟಕ ಅರಣ್ಯ ಸಿಬ್ಬಂದಿಯ ಗುಂಡೇಟಿನ ಬಳಿಕ ಹೆಣವಾಗಿ ಸಿಕ್ಕರು. ಜಿಂಕೆ ಬೇಟೆಗೆ ಬಂದಿದ್ದರೆಂದು ಇಲಾಖೆ ಹೇಳಿತು. ಗಡಿಯ ಎರಡೂ ಬದಿ ಉದ್ವಿಗ್ನವಾಯಿತು. ಈ ಕೋವಿಗಳಿಗೆ ಇರುವ ಮದ್ದು ಒಂದೇ, ಠಾಣೆಗೆ ಒಪ್ಪಿಸುವುದು.

ತಾಮ್ರದ ಪ್ರಶ್ನೆ ಏಳುವುದು ಸರ್ಕಾರವೇ ಕೋವಿ ಎತ್ತುವ ಕಡೆ. ಧರ್ಮಪುರಿ, ಸೇಲಂ ಸೀಮೆಯ ಮರಗೆಣಸು, ಕಡಲೆಕಾಯಿ, ರಾಗಿ ಹೊಲಗಳಿಗೆ ಕಾಡುಹಂದಿ ನುಗ್ಗುವುದು ಹೊಸದಲ್ಲ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಇದಕ್ಕೊಂದು ನೀತಿ ಪ್ರಕಟಿಸಿತು. ಮೀಸಲು ಅರಣ್ಯದಿಂದ 1 ಕಿಲೋಮೀಟರ್ ಒಳಗೆ ಹಂದಿಗೆ ಗುಂಡು ಹಾರಿಸುವಂತಿಲ್ಲ. 1ರಿಂದ 3 ಕಿಲೋಮೀಟರ್ ನಡುವೆ ಹಿಡಿದು ಕಾಡಿಗೆ ಬಿಡಬೇಕು. 3 ಕಿಲೋಮೀಟರ್ ಆಚೆ ಅರಣ್ಯ ಇಲಾಖೆಯ ತರಬೇತಾದ ಸಿಬ್ಬಂದಿ ಗುಂಡಿಕ್ಕಬಹುದು. ಕೇರಳ 2022ರಲ್ಲೇ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿದೆ. ಯಾರು, ಎಲ್ಲಿ, ಯಾವಾಗ ಹೊಡೆಯಬೇಕು ಎಂಬುದರ ಸುತ್ತ ಇಷ್ಟೆಲ್ಲ ಚರ್ಚೆ ನಡೆಯುವಾಗ ಯಾವ ಲೋಹದಿಂದ ಎಂಬುದೂ ಅದರಲ್ಲಿ ಸೇರಬೇಕು. ಹೊಲದಂಚಿನಲ್ಲಿ ಬಿದ್ದ ಹಂದಿಯಾಗಲಿ, ಏಟು ತಿಂದು ಪೊದೆಯಲ್ಲಿ ಸತ್ತ ಹಂದಿಯಾಗಲಿ ನಾಯಿ, ನರಿ, ಕತ್ತೆಕಿರುಬ, ಹದ್ದುಗಳ ಪಾಲಾಗುವುದನ್ನು ಯಾರೂ ಪೂರ್ತಿ ತಡೆಯಲಾರರು. ಅದರೊಳಗಿನ ಸೀಸದ ಪುಡಿ ಅವುಗಳ ರಕ್ತಕ್ಕೆ ಸೇರುತ್ತದೆ.

ನಮ್ಮ ರಣಹದ್ದುಗಳನ್ನು ಕೊಂದದ್ದು ಸೀಸವಲ್ಲ, ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೋಫೆನಾಕ್ ಎಂದು ನೆನಪಿಸುವವರಿದ್ದಾರೆ. ಸರಿಯಾದ ಮಾತು. ಪಶುಚಿಕಿತ್ಸೆಯಲ್ಲಿ ಅದನ್ನು 2006ರಲ್ಲಿ ನಿಷೇಧಿಸಿದ್ದು ಅದಕ್ಕೇ. ಆದರೆ ಒಂದು ವಿಷದಿಂದ ಅಷ್ಟಿಷ್ಟು ಬದುಕುಳಿದ ಹಕ್ಕಿಗೆ ಇನ್ನೊಂದು ವಿಷ ಉಣಿಸಲು ಅದು ಸಮರ್ಥನೆಯಾಗದು. ನೀಲಗಿರಿ ತಪ್ಪಲಿನ ಮೋಯಾರ್ ಕಣಿವೆಯಲ್ಲಿ ಗೂಡು ಕಟ್ಟುವ ರಣಹದ್ದು ಆಹಾರಕ್ಕಾಗಿ ಜಿಲ್ಲೆಯ ಗಡಿ ನೋಡುವುದಿಲ್ಲ. ಮೂಳೆ ಕರಗಿಸುವ ಅದರ ಜಠರದ ಆಮ್ಲ ಸೀಸವನ್ನೂ ಸಲೀಸಾಗಿ ಕರಗಿಸುತ್ತದೆ. ಅಮೆರಿಕದ ಕಾಂಡೋರ್ ರಣಹದ್ದು 1982ರಲ್ಲಿ 22ಕ್ಕೆ ಇಳಿದಿತ್ತು. ಸೆರೆಯಲ್ಲಿ ಸಾಕಿ ಕಾಡಿಗೆ ಬಿಟ್ಟ ಮೇಲೂ ಅವುಗಳ ಸಾವಿಗೆ ಮುಖ್ಯ ಕಾರಣವಾದದ್ದು ಬೇಟೆಯ ಸೀಸ. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸವನ್ನು ಸಂಪೂರ್ಣ ನಿಷೇಧಿಸಿತು. ಜಪಾನಿನ ಹೊಕ್ಕೈಡೊದಲ್ಲಿ ಸಿಕಾ ಜಿಂಕೆಯ ಉಳಿಕೆ ತಿಂದು ಕಡಲ ಹದ್ದುಗಳು ಸತ್ತಾಗ 2000ದಲ್ಲೇ ಆ ಬೇಟೆಗೆ ಸೀಸದ ರೈಫಲ್ ಗುಂಡು ನಿಂತಿತು. ಡೆನ್ಮಾರ್ಕ್ 2024ರ ಏಪ್ರಿಲ್‌ನಲ್ಲಿ ರೈಫಲ್ ಗುಂಡಿನಿಂದಲೂ ಸೀಸವನ್ನು ಕೈಬಿಟ್ಟಿತು. ಇವರಲ್ಲಿ ಯಾರೂ ಬೇಟೆ ನಿಲ್ಲಿಸಲಿಲ್ಲ, ಗುಂಡು ಬದಲಿಸಿದರು ಅಷ್ಟೆ.

ಕೊನೆಯ ಆಕ್ಷೇಪ ದುಡ್ಡಿನದು. ತಾಮ್ರದ ಗುಂಡು ದುಬಾರಿ, ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ, .315 ರೈಫಲ್ಲಿಗೆ ನಮ್ಮ ಕಾರ್ಖಾನೆಗಳು ಮಾಡುವುದು ಸೀಸದ ತಿರುಳಿನ ಗುಂಡು ಎನ್ನುತ್ತಾರೆ. ಪರವಾನಗಿಯ ಕೋವಿ ಇರುವವನೊಬ್ಬ ಕೇಳಿದರೆ ಕಾರ್ಖಾನೆ ಕದಲಲಿಕ್ಕಿಲ್ಲ. ಇಲ್ಲಿ ಕೇಳಬೇಕಾದದ್ದು ರಾಜ್ಯ ಸರ್ಕಾರ, ಮಾಡಿಕೊಡಬೇಕಾದದ್ದು ಕೇಂದ್ರದ ಕಾರ್ಖಾನೆ. ಎರಡೂ ಸಾರ್ವಜನಿಕ ಹಣದಲ್ಲೇ ನಡೆಯುವಂಥವು. ಹಂದಿಗೆ ಹಾರಿಸುವ ಗುಂಡುಗಳೇನು ಯುದ್ಧಕ್ಕೆ ಬೇಕಾದಷ್ಟಲ್ಲ. ಒಂದು ಗುಂಡಿಗೆ ಎರಡರಷ್ಟು ಬೆಲೆಯಾದರೂ ಇಲಾಖೆಯ ಲೆಕ್ಕದಲ್ಲಿ ಅದು ಚಿಲ್ಲರೆ. ತಮಿಳುನಾಡಿನ ಕಾಡುಹಂದಿ ಮಾರ್ಗಸೂಚಿಗೆ ‘ಸೀಸವಿಲ್ಲದ ಗುಂಡು ಮಾತ್ರ’ ಎಂಬ ಒಂದು ಸಾಲು ಸೇರಲಿ. ಅಂಥದೇ ನೀತಿ ಬರೆಯುವ ದಿನ ಬಂದರೆ ಕರ್ನಾಟಕವೂ ಅದನ್ನು ಮರೆಯದಿರಲಿ. ಗಡಿಯ ಹಳ್ಳಿಗಳಲ್ಲಿ ಕದ್ದು ತಂದ ಕಾಡುಮಾಂಸ ಮನೆಬಾಗಿಲಿಗೆ ಬಂದಾಗ ಬೇಡವೆನ್ನಲು ಕಾನೂನಿನ ಭಯ ಸಾಲದಿದ್ದರೆ, ಅದರೊಳಗೆ ಕಣ್ಣಿಗೆ ಕಾಣದ ಸೀಸವಿದೆ, ಅದನ್ನು ಉಣ್ಣುವವರಲ್ಲಿ ಮಕ್ಕಳೂ ಇದ್ದಾರೆ ಎಂಬ ಕಾರಣವಾದರೂ ಸಾಕಾಗಲಿ.