ಶ್ವಾಸಕೋಶದಲ್ಲಿಯ ರಕ್ತದೊತ್ತಡ

ರಕ್ತದೊತ್ತಡವೆಂಬುದು ಇಂದು ಮನೆಮಾತಾಗಿದೆ. ವೈದ್ಯರು ತೋಳಿಗೆ ಪಟ್ಟಿ ಸುತ್ತಿ ಅಳೆಯುವರು. ಅಂಕಿ ಸರಿಯಾಗಿದ್ದರೆ ರೋಗಿಯು ನಿಶ್ಚಿಂತನಾಗಿ ಮನೆಗೆ ಮರಳುವನು. ಆದರೆ ಆ ಪಟ್ಟಿಗೆ ಎಂದೂ ಸಿಕ್ಕದ ಇನ್ನೊಂದು ಒತ್ತಡವು ನಮ್ಮ ದೇಹದಲ್ಲುಂಟೆಂಬುದನ್ನು ಬಲ್ಲವರು ವಿರಳ. ಅದು ಶ್ವಾಸಕೋಶದ ಧಮನಿಗಳಲ್ಲಿಯ ಒತ್ತಡ. ತೋಳಿನ ಅಂಕಿಯು ನಿರ್ದೋಷವಾಗಿರುವಾಗಲೇ ಇದು ಏರುತ್ತ ಹೋಗಿ ಪ್ರಾಣಕ್ಕೆ ಎರವಾಗಬಲ್ಲದು.

ಹೃದಯವು ನೋಟಕ್ಕೆ ಒಂದಾದರೂ ಕಾರ್ಯದಲ್ಲಿ ಎರಡು. ಎಡಭಾಗವು ಸರ್ವಾಂಗಕ್ಕೆ ರಕ್ತವನ್ನಟ್ಟುತ್ತದೆ; ಬಲಭಾಗವು ಶ್ವಾಸಕೋಶಕ್ಕೆ ಮಾತ್ರ. ಈ ದಾರಿಯು ಹತ್ತಿರದ್ದು, ನಾಳಗಳು ಮೃದು. ಆದುದರಿಂದ ಬಲಭಾಗದ ಗೋಡೆಯೂ ತೆಳು. ದೇಹದ ಇತರ ಧಮನಿಗಳಲ್ಲಿ ಸರಾಸರಿ ಒತ್ತಡವು ಪಾದರಸದ ೯೦ ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ, ಇಲ್ಲಿ ಸುಮಾರು ೧೪ ಮಾತ್ರ. ವಿಶ್ರಾಂತಿಯಲ್ಲಿಯೂ ಅದು ೨೦ನ್ನು ಮೀರಿದರೆ ರೋಗವೆಂದು ಇಂದಿನ ವೈದ್ಯಶಾಸ್ತ್ರವು ಎಣಿಸುತ್ತದೆ. ನಾಳಗಳು ದಪ್ಪವಾಗಿ ಬಿಗಿದರೆ, ಅಥವಾ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿದರೆ, ತೆಳುಗೋಡೆಯ ಬಲಭಾಗವು ತನ್ನ ಶಕ್ತಿಗೆ ಮೀರಿದ ಭಾರವನ್ನು ಹೊರಬೇಕಾಗುತ್ತದೆ. ಅದು ಮೊದಲು ಹೆಣಗುತ್ತದೆ; ಬಳಿಕ ಹಿಗ್ಗಿ ಸೋಲುತ್ತದೆ.

ಮೆಟ್ಟಿಲೇರುವಾಗ ಏದುಸಿರು, ಮಿತಿಮೀರಿದ ಆಯಾಸ, ಶ್ರಮಪಟ್ಟಾಗ ತಲೆಸುತ್ತು ಅಥವಾ ಮೂರ್ಛೆ, ಕೊನೆಗೆ ಕಾಲುಬಾವು: ಇವು ಇದರ ಲಕ್ಷಣಗಳು. ಇವುಗಳಲ್ಲಿ ಯಾವುದೂ ಈ ರೋಗಕ್ಕೇ ಮೀಸಲಲ್ಲ. ಆದುದರಿಂದಲೇ ದಮ್ಮೆಂದೂ, ರಕ್ತಹೀನತೆಯೆಂದೂ, ವಯೋಧರ್ಮವೆಂದೂ ಬಗೆದು ವರ್ಷಗಳನ್ನು ಕಳೆಯುವುದುಂಟು. ಕಾರಣವೇ ತಿಳಿಯದೆ ಬರುವ ಬಗೆಯು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಮನೆಗೆಲಸದ ನಡುವೆ ಏದುಸಿರು ಬಿಡುವ ಹೆಂಗಸಿನ ಮಾತನ್ನು ನಾವು ಎಷ್ಟು ಸಲ ಕಿವಿಗೆ ಹಾಕಿಕೊಳ್ಳುತ್ತೇವೆ?

ಉಳಿದ ಕಾರಣಗಳು ನಮಗೆ ಅಪರಿಚಿತವಲ್ಲ. ಬಾಲ್ಯದ ಕೀಲುವಾತದ ಜ್ವರದಿಂದ ಕೆಟ್ಟ ಹೃದಯದ ಕವಾಟ, ಹುಟ್ಟಿನಿಂದ ಮುಚ್ಚದೆ ಉಳಿದ ರಂಧ್ರ, ಬೀಡಿಯಿಂದಲೂ ಒಲೆಯ ಹೊಗೆಯಿಂದಲೂ ಹಾಳಾದ ಶ್ವಾಸಕೋಶ ಇವೆಲ್ಲ ಆ ಒತ್ತಡವನ್ನು ಏರಿಸಬಲ್ಲವು. ಔಷಧವೂ ಕಾರಣವಾದೀತು: ಮೈ ಕರಗಿಸಲೆಂದು ೧೯೬೫ರಲ್ಲಿ ಯುರೋಪಿನಲ್ಲಿ ಬಂದ ಅಮಿನೊರೆಕ್ಸ್ ಗುಳಿಗೆಯು ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯಗಳಲ್ಲಿ ಅನೇಕರಿಗೆ ಈ ರೋಗವನ್ನು ತಂದಿತು. ೧೯೬೮ರಲ್ಲಿ ಅದನ್ನು ಹಿಂದೆಗೆಯಲಾಯಿತು.

ಒಳಗಿನ ಈ ಒತ್ತಡವನ್ನು ಅಳೆಯುವ ದಾರಿಯು ಸುಲಭವಾಗಿ ದೊರೆತುದಲ್ಲ. ೧೯೨೯ರಲ್ಲಿ ಜರ್ಮನಿಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ತನ್ನ ಹೃದಯದವರೆಗೆ ತೂರಿಸಿಕೊಂಡನು. ಆ ಸಾಹಸವನ್ನು ಶಾಸ್ತ್ರವಾಗಿ ಬೆಳೆಸಿದ ಕೂರ್ನಾನ್, ರಿಚರ್ಡ್ಸ್ ಎಂಬವರೊಡನೆ ೧೯೫೬ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ಸಂದಿತು. ಇಂದಿಗೂ ರೋಗದ ಕೊನೆಯ ನಿರ್ಣಯವು ಇಂಥ ಕೊಳವೆಯಿಂದಲೇ. ಆದರೆ ಮೊದಲ ಸಂಶಯವನ್ನು ನೋವಿಲ್ಲದ 'ಎಕೋ' ಪರೀಕ್ಷೆಯೇ ತೋರಿಸಬಲ್ಲದು.

ಚಿಕಿತ್ಸೆಯೂ ಮುಂದುವರಿದಿದೆ. ೧೯೯೫ರಲ್ಲಿ ಅಮೇರಿಕೆಯು ಎಪೊಪ್ರೊಸ್ಟೆನಾಲಿಗೆ ಸಮ್ಮತಿಯಿತ್ತಿತು. ೨೦೦೫ರಲ್ಲಿ ಸಿಲ್ಡೆನಾಫಿಲ್, ೨೦೨೪ರಲ್ಲಿ ಸೊಟಾಟರ್ಸೆಪ್ಟ್ ಬಂದವು. ಆದರೆ ಒಂದೇ ಮದ್ದು ಎಲ್ಲರಿಗೂ ಸಲ್ಲದು. ಹೆಪ್ಪುಗಟ್ಟಿದ ರಕ್ತವನ್ನು ಅನೇಕರಲ್ಲಿ ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ಕವಾಟದ ದೋಷಕ್ಕೆ ಕವಾಟವನ್ನೇ ಸರಿಪಡಿಸಬೇಕು. ರಂಧ್ರವನ್ನು ಕಾಲ ಮೀರುವ ಮುನ್ನ ಮುಚ್ಚಬೇಕು. ಒತ್ತಡವು ಅತಿಯಾಗಿ ಏರಿದ ಮೇಲೆ ಮುಚ್ಚುವುದೇ ಅಪಾಯ.

ಹೀಗೆ ಎಲ್ಲವೂ ಕಾಲದ ಮೇಲೆ ನಿಂತಿದೆ. ಕಾರಣ ತಿಳಿಯದ ಏದುಸಿರು ವಾರಗಟ್ಟಲೆ ನಿಲ್ಲದಿದ್ದರೆ, ತೋಳಿನ ಅಂಕಿಯನ್ನು ನಂಬಿ ಸುಮ್ಮನಿರಬಾರದು. ಎದೆಯ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳತಕ್ಕದ್ದು. ಆ ಪರೀಕ್ಷೆಯು ಬಡವರಿಗೂ ಸಮೀಪದಲ್ಲಿಯೇ ದೊರೆಯುವಂತೆ ನೋಡಿಕೊಳ್ಳುವುದು ಅಧಿಕಾರಸ್ಥರ ಕರ್ತವ್ಯ.